ಬೋಲ್ಟ್ ಸರಿಯಿರಬಹುದು, ಸರ್ಟಿಫಿಕೇಟ್ ಸುಳ್ಳು: ಕಸ್ಟಮರ್‌ಗೆ ಹೇಳೋದಾ, ಬೇಡವಾ?

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಬೋಲ್ಟ್ ತಯಾರಿಸುವ ಘಟಕ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. 45 ಜನ ಕೆಲಸಗಾರರು. ವಹಿವಾಟಿನ ಅರ್ಧಕ್ಕಿಂತ ಜಾಸ್ತಿ ಒಂದೇ ವಾಹನ ಕಂಪನಿಯಿಂದ ಬರುತ್ತದೆ. ಮೂರು ವಾರದ ಹಿಂದೆ ಅವರಿಗೆ ಸಸ್ಪೆನ್ಷನ್‌ಗೆ ಹಾಕುವ 10.9 ಗ್ರೇಡ್ (ಹೆಚ್ಚು ಗಟ್ಟಿ ಮಾಡಿದ) ಬೋಲ್ಟ್‌ಗಳ ಒಂದು ಲಾಟ್ ಕಳಿಸಿದೆವು. ಅರ್ಜೆಂಟ್ ಇತ್ತು, 'ಏನಾದ್ರೂ ಮಾಡಿ ಇವತ್ತು ಕಳಿಸಿ' ಅಂತ ನಾನೇ ಹೇಳಿದ್ದೆ. ಜಿಂಕ್ ಪ್ಲೇಟಿಂಗ್ ಆದ ಮೇಲೆ ಆ ಲಾಟ್‌ಗೆ ಬೇಕಿಂಗೇ (ಓವನ್‌ನಲ್ಲಿ ಕಾಯಿಸುವ ಕೆಲಸ) ಆಗಿಲ್ಲ ಅಂತ ಮೊನ್ನೆ ಗೊತ್ತಾಯಿತು. ಅವತ್ತು ಓವನ್ ಕೆಟ್ಟಿತ್ತಂತೆ. ಕ್ಯೂಸಿ (ಗುಣಮಟ್ಟ ತಪಾಸಣೆ) ಸೂಪರ್‌ವೈಸರ್ ಬೇಕಿಂಗ್ ಆಗಿದೆ ಅಂತ ಬರೆದು ಸರ್ಟಿಫಿಕೇಟ್‌ಗೆ ಸಹಿ ಹಾಕಿದ್ದಾರೆ. ಅವರು ಅಪ್ಪನ ಕಾಲದವರು. ಇದನ್ನು ಹಿಡಿದದ್ದು ಡಿಪ್ಲೊಮಾ ಮುಗಿಸಿ ಬಂದ ಟ್ರೈನಿ ಹುಡುಗಿ. ರಿಪೇರಿ ಪುಸ್ತಕದ ತಾರೀಕು, ಬೇಕಿಂಗ್ ರಿಜಿಸ್ಟರ್ ತಾರೀಕು ತಾಳೆ ಹಾಕಿದಳು. ಕಸ್ಟಮರ್ ಕಡೆಯಿಂದ ಇದುವರೆಗೆ ಒಂದೂ ಕಂಪ್ಲೇಂಟ್ ಇಲ್ಲ. ಹೇಳಿದರೆ ಆರ್ಡರ್ ಹೋಗುತ್ತದೆ, 45 ಮನೆ ಬೀದಿಗೆ ಬರುತ್ತವೆ. ಅಕೌಂಟೆಂಟ್ 'ಸುಮ್ನಿರಿ' ಅನ್ನುತ್ತಾರೆ. ಪ್ಯಾಕಿಂಗ್ ಸರಿಯಿಲ್ಲ ಅಂತ ನೆಪ ಹೇಳಿ, ಉಳಿದ ಸ್ಟಾಕ್ ವಾಪಸ್ ತರಿಸಿ, ಬೇಕ್ ಮಾಡಿ ಕಳಿಸೋಣ ಅಂತ ನನ್ನ ಯೋಚನೆ. ಅದು ತಪ್ಪಾ? ಸೂಪರ್‌ವೈಸರ್‌ಗೆ ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಯೋಚನೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ನೀವು ಇದನ್ನು ಓದುವ ಹೊತ್ತಿಗೆ ಟೆಂಪೋ ಹೊರಟಿರಬಹುದು. ನಿಲ್ಲಿಸಿ. ನೆಪ ಸುಳ್ಳು ಅನ್ನುವ ಮಾತು ಆಮೇಲೆ ಆಡೋಣ. ಬರೀ ಉಕ್ಕಿನ ಲೆಕ್ಕದಲ್ಲೇ ಈ ಉಪಾಯ ಕೆಲಸ ಮಾಡುವುದಿಲ್ಲ.

ಪ್ಲೇಟಿಂಗ್‌ಗೆ ಮೊದಲು ಬೋಲ್ಟನ್ನು ಆಸಿಡ್‌ನಲ್ಲಿ ಅದ್ದುತ್ತೀರಿ. ಆಮೇಲೆ ಜಿಂಕ್ ಬಾತ್‌ನಲ್ಲಿ ಕರೆಂಟ್ ಹರಿಸುತ್ತೀರಿ. ಎರಡೂ ಕಡೆ ಹೈಡ್ರೋಜನ್ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ತುಂಬಾ ಗಟ್ಟಿ ಮಾಡಿದ ಉಕ್ಕಿನಲ್ಲಿ ಈ ಹೈಡ್ರೋಜನ್ ಉಳಿದರೆ, ಬಿಗಿ ಮಾಡಿದ ಬೋಲ್ಟ್ ಯಾವ ಮುನ್ಸೂಚನೆಯೂ ಇಲ್ಲದೆ ಪಟ್ ಅಂತ ತುಂಡಾಗಬಹುದು. ಅದನ್ನು ಹೊರಗೆ ಓಡಿಸಲಿಕ್ಕೇ ಬೇಕಿಂಗ್. ಸುಮಾರು 200 ಡಿಗ್ರಿಯಲ್ಲಿ ಕೆಲವು ಗಂಟೆ. ಪ್ಲೇಟಿಂಗ್ ಆದ 4 ಗಂಟೆಯೊಳಗೆ ಶುರುವಾಗಬೇಕು ಅಂತ ಸಾಮಾನ್ಯವಾಗಿ ಡ್ರಾಯಿಂಗ್‌ನಲ್ಲಿ ಬರೆದಿರುತ್ತಾರೆ. ನೀವು ಮೂರು ವಾರ ಬಿಟ್ಟು ಬೇಕ್ ಮಾಡಿದರೆ ರಿಜಿಸ್ಟರ್ ತುಂಬುತ್ತದೆ, ಅಷ್ಟೇ. ಒಳಗೆ ಬಿರುಕು ಶುರುವಾಗಿದ್ದರೆ ಓವನ್ ಅದನ್ನು ಕೂಡಿಸುವುದಿಲ್ಲ. ಮೇಲಾಗಿ, ಆಗಲೇ ಗಾಡಿಗೆ ಬಿಗಿದಿರುವ ಬೋಲ್ಟ್‌ಗಳು ನಿಮ್ಮ ಟೆಂಪೋದಲ್ಲಿ ವಾಪಸ್ ಬರುವುದಿಲ್ಲ, ಅಲ್ವಾ? ಅಂದರೆ ನಿಮ್ಮ ಉಪಾಯ ಒಂದು ಸುಳ್ಳಿಗೆ ಎರಡನೆಯದನ್ನು ಸೇರಿಸುತ್ತದೆ, ಅಪಾಯವನ್ನು ಹಾಗೇ ಬಿಡುತ್ತದೆ.

ಈಗ ಸ್ವಲ್ಪ ಸಮಾಧಾನದ ಮಾತು. 10.9 ಗ್ರೇಡ್ ಬೋಲ್ಟ್‌ನ ಗಡಸುತನ 32ರಿಂದ 39 ಎಚ್‌ಆರ್‌ಸಿ (ಗಡಸುತನ ಅಳೆಯುವ ರಾಕ್‌ವೆಲ್ ಮಾಪಕ) ಒಳಗೆ ಇರಬೇಕು. ಪ್ಲೇಟಿಂಗ್‌ನಿಂದ ಬರುವ ಹೈಡ್ರೋಜನ್ ಕಾಟ ನಿಜವಾಗಿ ಜೋರಾಗುವುದು ಸುಮಾರು 39 ದಾಟಿದ ಮೇಲೆ. ನಿಮ್ಮ ಲಾಟ್ 34, 35ರಲ್ಲಿ ಇದ್ದರೆ ಬೇಕಿಂಗ್ ತಪ್ಪಿದರೂ ಬೋಲ್ಟ್ ಚೆನ್ನಾಗಿಯೇ ಇರುವ ಸಾಧ್ಯತೆ ಜಾಸ್ತಿ. ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಎಡವಟ್ಟಾಗಿ 40, 41ಕ್ಕೆ ಹೋಗಿದ್ದರೆ ಕಥೆ ಬೇರೆ. ಇನ್ನೊಂದು ವಿಷಯ: ಈ ಬಗೆಯ ಮುರಿತ ಸಾಮಾನ್ಯವಾಗಿ ಬಿಗಿ ಮಾಡಿದ ಕೆಲವು ಗಂಟೆ ಅಥವಾ ಕೆಲವು ದಿನದಲ್ಲೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮೂರು ವಾರದ ಹಿಂದೆಯೇ ಬಿಗಿದ ಬೋಲ್ಟ್‌ಗಿಂತ, ಕಸ್ಟಮರ್ ಸ್ಟೋರ್‌ನ ಬಿನ್‌ನಲ್ಲಿ ಕೂತಿರುವ, ಇನ್ನೂ ಲೋಡೇ ಬೀಳದ ಬೋಲ್ಟ್ ಬಗ್ಗೆ ಭಯ ಜಾಸ್ತಿ. ಅದು ನಾಳೆ ಬೆಳಿಗ್ಗೆ ಶಿಫ್ಟ್‌ನಲ್ಲಿ ಲೈನ್‌ಗೆ ಹೋಗಬಹುದು.

ಧರ್ಮಸಂಕಟದಲ್ಲಿ ಬಿದ್ದು ಕೇಳಿದವರಿಗೆ ಎಚ್‌ಆರ್‌ಸಿ ಪಾಠ ಹೇಳ್ತಿದ್ದಾನಲ್ಲ ಇವನು ಅಂದುಕೊಳ್ಳಬೇಡಿ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಮಾಲೀಕರು 'ಹೇಳೋದಾ ಬೇಡವಾ' ಅಂತ ವಾರಗಟ್ಟಲೆ ನಿದ್ದೆಗೆಟ್ಟಿರುತ್ತಾರೆ. ಉಳಿಸಿಟ್ಟ ಸ್ಯಾಂಪಲ್ ಮಾತ್ರ ಕಪಾಟಿನಲ್ಲಿ ಹಾಗೇ ಬಿದ್ದಿರುತ್ತದೆ, ಅದನ್ನು ಗಡಸುತನದ ಮಷಿನ್ ಮೇಲೆ ಇಟ್ಟೇ ಇರುವುದಿಲ್ಲ. ಅರ್ಧ ಗಂಟೆಯ ಕೆಲಸ ಅದು. ಇವತ್ತೇ ಮಾಡಿಸಿ. ನಿಮ್ಮ ಸೂಪರ್‌ವೈಸರ್ ಕೈಯಲ್ಲಲ್ಲ, ಹೊರಗಿನ, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನಲ್ಲಿ. ಪೀಣ್ಯದ ಸುತ್ತಮುತ್ತ ಅಂಥ ಲ್ಯಾಬ್‌ಗಳಿಗೆ ಬರವಿಲ್ಲ. ತಾಂತ್ರಿಕ ಸಲಹೆ ಬೇಕಿದ್ದರೆ ತುಮಕೂರು ರಸ್ತೆಯಲ್ಲೇ ಸಿಎಂಟಿಐ ಇದೆ, 1962ರಿಂದ ಇರುವ ತಯಾರಿಕಾ ತಂತ್ರಜ್ಞಾನದ ಸಂಸ್ಥೆ. ಬೋಲ್ಟ್ ಬಿಗಿ ಮಾಡಿ ಇಟ್ಟು ನೋಡುವ ಟೆಸ್ಟ್‌ಗೆ ಕನಿಷ್ಠ ಎರಡು ದಿನ ಬೇಕು, ಅದನ್ನೂ ಕೊಟ್ಟುಬಿಡಿ. ಆದರೆ ಅದರ ರಿಪೋರ್ಟ್‌ಗಾಗಿ ಕಾಯುತ್ತಾ ಫೋನ್ ಮಾಡೋದನ್ನು ಮುಂದಕ್ಕೆ ಹಾಕಬೇಡಿ.

ಹೌದು, ಫೋನ್ ಮಾಡಬೇಕು. ಗಡಸುತನ 34 ಬಂದರೂ ಮಾಡಬೇಕು. ನನ್ನ ಉತ್ತರದ ಮುಖ್ಯ ಮಾತು ಇದೇ.

ಬೋಲ್ಟ್‌ನಲ್ಲಿ ಆದ ಲೋಪಕ್ಕೆ ಈ ವ್ಯಾಪಾರದಲ್ಲಿ ದಾರಿ ಇದೆ. ಡ್ರಾಯಿಂಗ್‌ಗೆ ಹೊಂದದ ಮಾಲು ಎಲ್ಲರ ಹತ್ತಿರವೂ ಆಗುತ್ತದೆ. ಕಸ್ಟಮರ್‌ಗೆ ಬರೆದು ಡೀವಿಯೇಷನ್ (ವಿನಾಯಿತಿ) ಕೇಳುತ್ತೀರಿ. ಅವರ ಎಂಜಿನಿಯರ್‌ಗಳು ನೋಡಿ ಇಷ್ಟು ಸಂಖ್ಯೆಗೆ ಒಪ್ಪಿದ್ದೇವೆ ಅನ್ನಬಹುದು, ಇಲ್ಲ ಸ್ಕ್ರ್ಯಾಪ್ ಮಾಡಿ ಅನ್ನಬಹುದು. ದಿನಾ ನಡೆಯುವ ವ್ಯವಹಾರ ಇದು, ಇದರಲ್ಲಿ ಅವಮಾನ ಏನೂ ಇಲ್ಲ. ಆದರೆ ಸುಳ್ಳು ಸರ್ಟಿಫಿಕೇಟ್‌ಗೆ ಡೀವಿಯೇಷನ್ ಕೊಡುವ ಫಾರಂ ಜಗತ್ತಿನಲ್ಲಿ ಎಲ್ಲೂ ಇಲ್ಲ. ಅದೇ ಬೋಲ್ಟ್, ಅದೇ ಕೊರತೆ. ಹೇಳಿ ಕೊಟ್ಟರೆ ವ್ಯಾಪಾರ, ಮುಚ್ಚಿ ಕೊಟ್ಟರೆ ಮೋಸ. ಈ ಬೋಲ್ಟ್ ಎಲ್ಲಿ ಕೂರುತ್ತದೆ, ಎಷ್ಟು ಲೋಡ್ ಬೀಳುತ್ತದೆ, ಒಂದು ಮುರಿದರೆ ಇನ್ನೊಂದು ಹಿಡಿಯುತ್ತದಾ ಅನ್ನುವುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. 'ಏನೂ ಆಗಲ್ಲ ಬಿಡಿ' ಅನ್ನುವ ತೀರ್ಮಾನವನ್ನು ಅವರ ಪರವಾಗಿ, ಅವರಿಗೆ ಗೊತ್ತಿಲ್ಲದ ಹಾಗೆ ನೀವು ತೆಗೆದುಕೊಳ್ಳಲು ಬರುವುದಿಲ್ಲ.

'ಇದುವರೆಗೆ ಕಂಪ್ಲೇಂಟ್ ಇಲ್ಲ' ಅಂತ ಬರೆದಿದ್ದೀರಿ. ಈ ಮಾತಿಗೆ ಒಂದು ಹಳೆಯ ಇತಿಹಾಸ ಇದೆ. 1986ರ ಜನವರಿ 27ರ ರಾತ್ರಿ, ಚಾಲೆಂಜರ್ ಗಗನನೌಕೆ ಹಾರುವ ಹಿಂದಿನ ರಾತ್ರಿ, ಅದರ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್‌ಗಳು ನಾಸಾಗೆ ಫೋನ್‌ನಲ್ಲಿ ಹೇಳಿದರು: ಇಷ್ಟು ಚಳಿಯಲ್ಲಿ ರಬ್ಬರ್ ಸೀಲ್ ಕೆಲಸ ಮಾಡುತ್ತದೆ ಅನ್ನುವ ಭರವಸೆ ಇಲ್ಲ, ಹಾರಿಸಬೇಡಿ. ಹಿಂದಿನ ಹಾರಾಟಗಳಲ್ಲೂ ಸೀಲ್ ಸುಟ್ಟ ಗುರುತು ಸಿಕ್ಕಿತ್ತು. ಆದರೆ ನೌಕೆಗಳು ಸುರಕ್ಷಿತವಾಗಿ ವಾಪಸ್ ಬಂದಿದ್ದವು. ಮಾತುಕತೆ ನಡೆಯುತ್ತಾ ಪ್ರಶ್ನೆಯೇ ತಿರುಗಿಬಿಟ್ಟಿತು. ಸುರಕ್ಷಿತ ಅಂತ ತೋರಿಸಿ ಅನ್ನಬೇಕಾದವರು, ಅಪಾಯ ಇದೆ ಅಂತ ಸಾಬೀತು ಮಾಡಿ ಅನ್ನತೊಡಗಿದರು. ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ಅವರ ಮೇಲಿನವರು, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ ಅಂದರು. ಕಂಪನಿ ಒಪ್ಪಿಗೆ ಕೊಟ್ಟಿತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಚೂರಾಯಿತು, ಏಳು ಜನ ಸತ್ತರು. ಅವರೂ ದೊಡ್ಡ ಕಸ್ಟಮರ್‌ನ ಒತ್ತಡದಲ್ಲಿದ್ದ ಒಬ್ಬ ಸಪ್ಲೈಯರ್ ಆಗಿದ್ದರು ಅನ್ನುವುದನ್ನು ಗಮನಿಸಿ.

ಸರ್ಟಿಫಿಕೇಟ್ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ತಕಾಟ. ಏರ್‌ಬ್ಯಾಗ್ ಇನ್‌ಫ್ಲೇಟರ್‌ನ ಟೆಸ್ಟ್ ಅಂಕಿಗಳನ್ನು ತಿದ್ದಿ ವಾಹನ ಕಂಪನಿಗಳಿಗೆ ಕೊಟ್ಟ ಜಪಾನಿನ ಸಪ್ಲೈಯರ್ ಅದು. 2017ರ ಜನವರಿಯಲ್ಲಿ ಅಮೆರಿಕದಲ್ಲಿ 100 ಕೋಟಿ ಡಾಲರ್ ಕಟ್ಟಲು ಒಪ್ಪಿತು, ಅದೇ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅವರದ್ದು ವರ್ಷಗಟ್ಟಲೆ ನಡೆದ ವಂಚನೆ, ನಿಮ್ಮದು ಒಂದು ಲಾಟ್. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ನಿಮ್ಮದು ನಿಜವಾಗಿ ಒಂದೇ ಲಾಟಾ? ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

45 ಮನೆಗಳ ಮಾತು. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬದುಕುವವನಿಗೆ ಒಂದು ತಿಂಗಳ ಸಂಬಳ ನಿಂತರೆ ಏನಾಗುತ್ತದೆ ಅಂತ ನನಗೂ ಗೊತ್ತು. ಆದರೆ ಈ ಲೆಕ್ಕದಲ್ಲಿ ಎರಡು ತಪ್ಪಿವೆ. ಒಂದು, ಆ ಬೋಲ್ಟ್ ಇರುವ ಗಾಡಿಯಲ್ಲಿ ಕೂತವರನ್ನು ನೀವು ಎಣಿಸಿಲ್ಲ. ನಿಮ್ಮ ಕೆಲಸಗಾರರೂ ಅದೇ ಗಾಡಿ ಓಡಿಸುತ್ತಿರಬಹುದು. ಎರಡು, ಹೇಳಿದರೆ ಆರ್ಡರ್ ಹೋಗುತ್ತದೆ ಅಂತ ನೀವಾಗಿಯೇ ತೀರ್ಮಾನಿಸಿಬಿಟ್ಟಿದ್ದೀರಿ.

ಸಾಮಾನ್ಯವಾಗಿ ನಡೆಯುವುದು ಹೀಗೆ. ನೀವು ಹೇಳಿದ ತಕ್ಷಣ ಅವರು ಆ ಲಾಟ್ ಬ್ಲಾಕ್ ಮಾಡುತ್ತಾರೆ. ಸಾರ್ಟಿಂಗ್‌ಗೆ ನಿಮ್ಮ ಜನ ಹೋಗಬೇಕು ಅಥವಾ ಹೊರಗಿನವರನ್ನು ಇಟ್ಟು ಬಿಲ್ ನಿಮಗೆ ಕಳಿಸುತ್ತಾರೆ. ಲೈನ್ ನಿಂತರೆ ಡೆಬಿಟ್ ನೋಟ್, ಅಂದರೆ ನಷ್ಟವನ್ನು ನಿಮ್ಮ ಲೆಕ್ಕಕ್ಕೆ ಹಾಕುವ ಚೀಟಿ. 8ಡಿ ರಿಪೋರ್ಟ್ (ಲೋಪದ ಕಾರಣ, ಪರಿಹಾರ ಬರೆದು ಕೊಡುವ ವರದಿ) ಕೇಳುತ್ತಾರೆ, ಆಡಿಟ್‌ಗೆ ಬರುತ್ತಾರೆ, ಕೆಲವು ತಿಂಗಳು ಪ್ರತಿ ಲಾಟನ್ನೂ ಎರಡು ಸಲ ಚೆಕ್ ಮಾಡಿಸುತ್ತಾರೆ. ಹೊಸ ಪಾರ್ಟ್‌ಗಳ ಮಾತುಕತೆ ನಿಲ್ಲಬಹುದು. ಇದೆಲ್ಲ ನೋವೇ. ಆದರೆ ಒಂದು ಸೇಫ್ಟಿ ಬೋಲ್ಟ್‌ಗೆ ಹೊಸ ಸಪ್ಲೈಯರ್‌ನ ಸ್ಯಾಂಪಲ್, ಟ್ರಯಲ್, ಒಪ್ಪಿಗೆ ಅಂತ ಮುಗಿಸಲು ಅವರಿಗೂ ತಿಂಗಳುಗಳೇ ಬೇಕು. ರಾತ್ರೋರಾತ್ರಿ ಬಿಟ್ಟು ಹೋಗುವುದು ಅಷ್ಟು ಸುಲಭವಲ್ಲ. ಹೋಗಲಿಕ್ಕೇ ಇಲ್ಲ ಅಂತ ನಾನು ಭರವಸೆ ಕೊಡಲಾರೆ. ಕೆಲವರು ಹೋಗುತ್ತಾರೆ. ಆದರೆ ಬೋಲ್ಟ್ ಮುರಿದು, ಅವರಾಗಿಯೇ ಲಾಟ್ ನಂಬರ್ ಹಿಡಿದು ನಿಮ್ಮ ಓವನ್‌ನ ಉಷ್ಣತೆಯ ಚಾರ್ಟ್ ಕೇಳುವ ದಿನ ಬಂದರೆ, ಆಗ ಹೋಗುತ್ತಾರಾ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಹಾಗಾಗಿ ಅಕೌಂಟೆಂಟ್‌ಗೆ ಸುಮ್ಮನಿರುವುದಕ್ಕಿಂತ ಒಳ್ಳೆಯ ಕೆಲಸ ಕೊಡಿ. ಸಾರ್ಟಿಂಗ್, ಬದಲಿ ಮಾಲು, ಒಂದು ಡೆಬಿಟ್ ನೋಟ್, ಎರಡು ತಿಂಗಳು ಪೇಮೆಂಟ್ ತಡ ಅಂತ ಇಟ್ಟುಕೊಂಡು ಸಂಬಳಕ್ಕೆ ಎಷ್ಟು ಕೊರತೆ ಬೀಳುತ್ತದೆ ಅಂತ ಹಾಳೆ ಮೇಲೆ ಬರೆಯಲಿ. ಬೇರೆ ಕಸ್ಟಮರ್‌ಗಳಿಂದ ಬರಬೇಕಾದ ಬಾಕಿ ವಸೂಲು ಮಾಡಲಿ. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಬ್ಯಾಂಕ್ ಮ್ಯಾನೇಜರ್‌ ಹತ್ತಿರ ಓವರ್‌ಡ್ರಾಫ್ಟ್ ಬಗ್ಗೆ ಮುಂಚೆಯೇ ಮಾತಾಡಲಿ. ಇನ್ಶೂರೆನ್ಸ್ ಪಾಲಿಸಿ ಇದ್ದರೆ ಪೂರ್ತಿ ಓದಲಿ. ಮಾಮೂಲಿ ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿಯಲ್ಲಿ ಮಾಲು ವಾಪಸ್ ಪಡೆಯುವ ಖರ್ಚು ಹೆಚ್ಚಾಗಿ ಸೇರಿರುವುದಿಲ್ಲ.

ವಕೀಲರನ್ನು ಇವತ್ತೇ ನೋಡಿ. ಎರಡು ವಿಷಯ ಅವರ ಹತ್ತಿರ ಕೇಳಿ ತಿಳಿದುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕ ಅಂದರೆ ಬಿಡಿಭಾಗ ತಯಾರಿಸುವವನೂ ಸೇರುತ್ತಾನೆ. ಹಾಗಾಗಿ 'ನಾವು ಬರೀ ಬೋಲ್ಟ್ ಕೊಡೋರು' ಅನ್ನುವ ಮಾತು ಅಷ್ಟು ದೂರ ನಡೆಯುವುದಿಲ್ಲ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 110ಎ ಕಲಂ ಪ್ರಕಾರ, ದೋಷ ಕಂಡುಬಂದ ವಾಹನ ತಯಾರಕ ತಾನಾಗಿಯೇ ಕೇಂದ್ರ ಸರ್ಕಾರಕ್ಕೆ ತಿಳಿಸಿ ವಾಹನಗಳನ್ನು ವಾಪಸ್ ಕರೆಸಿಕೊಂಡರೆ ದಂಡ ಇಲ್ಲ. ನೀವು ಬಾಯಿ ಮುಚ್ಚಿಕೊಂಡಷ್ಟು ದಿನ ಆ ಅವಕಾಶವನ್ನು ನಿಮ್ಮ ಕಸ್ಟಮರ್‌ನಿಂದ ಕಿತ್ತುಕೊಂಡ ಹಾಗೆ. ವಕೀಲರು ಪತ್ರ ತಿದ್ದಲಿ, ಅಡ್ಡಿಯಿಲ್ಲ. 'ಹದಿನೈದು ದಿನ ಬಿಟ್ಟು ನೋಡೋಣ' ಅಂದರೆ ಮಾತ್ರ ಒಪ್ಪಬೇಡಿ.

ಹೇಳುವುದು ಹೇಗೆ? ಪರ್ಚೇಸ್‌ನವರಿಗಲ್ಲ, ಸಪ್ಲೈಯರ್ ಕ್ವಾಲಿಟಿ ನೋಡುವವರಿಗೆ ಫೋನ್ ಮಾಡಿ. ನೀವೇ ಮಾಡಿ. ಲಾಟ್ ನಂಬರ್, ಇನ್‌ವಾಯ್ಸ್ ನಂಬರ್, ಎಷ್ಟು ಬೋಲ್ಟ್, ಯಾವ ತಾರೀಕು, ಎಲ್ಲ ಕೈಯಲ್ಲಿರಲಿ. ಮಾತು ಹೀಗಿರಲಿ: 'ಈ ಲಾಟ್‌ಗೆ ಬೇಕಿಂಗ್ ಆಗಿಲ್ಲ. ನಾವು ಕೊಟ್ಟ ಸರ್ಟಿಫಿಕೇಟ್‌ನಲ್ಲಿ ಆಗಿದೆ ಅಂತ ಇದೆ, ಅದು ಸುಳ್ಳು. ದಯವಿಟ್ಟು ಸ್ಟಾಕ್ ತಡೆಹಿಡಿಯಿರಿ. ಗಡಸುತನ ಇಷ್ಟು ಬಂದಿದೆ, ಬಿಗಿ ಮಾಡಿಡುವ ಟೆಸ್ಟ್ ನಡೀತಾ ಇದೆ.' ಅಷ್ಟೇ.

ಎರಡನೇ ವಾಕ್ಯದಲ್ಲಿ ನಾಲಿಗೆ ತಡವರಿಸುತ್ತದೆ. ಬಹಳ ಜನ ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುತ್ತಾರೆ. 'ಓವನ್ ಕೆಟ್ಟಿತ್ತು ಸಾರ್, ಗಮನಕ್ಕೆ ಬರಲಿಲ್ಲ' ಅಂತ ಮುಗಿಸುತ್ತಾರೆ. ಇದು ಉಳಿಯುವುದಿಲ್ಲ. 8ಡಿಯಲ್ಲಿ ಲೋಪ ಯಾಕೆ ಆಯಿತು ಅನ್ನುವುದರ ಜೊತೆಗೆ ಅದು ಯಾಕೆ ಸಿಕ್ಕಿಬೀಳಲಿಲ್ಲ ಅಂತಲೂ ಬರೆಯಬೇಕು. ಆಡಿಟ್‌ಗೆ ಬಂದವರು ಮೊದಲು ಕೇಳುವುದೇ ಬೇಕಿಂಗ್ ರಿಜಿಸ್ಟರ್.

ಆ ರಿಜಿಸ್ಟರನ್ನು ಅವರಿಗಿಂತ ಮೊದಲು ನೀವು ಕೂತು ನೋಡಿ. 'ಒಂದೇ ಲಾಟಾ' ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿದೆ. ನಿಜವಾಗಿ ನೋಡಿ ಬರೆದ ಪುಟದಲ್ಲಿ ಅಂಕಿಗಳು ಕುಣಿಯುತ್ತವೆ: 196, 203, 199, 201. ಬರೆದ ಸಮಯ ಒಂದು ಸಲ 10.05, ಇನ್ನೊಂದು ಸಲ 11.20. ಪೆನ್ನು ಬದಲಾಗಿರುತ್ತದೆ, ಒಂದು ಮೂಲೆಯಲ್ಲಿ ಎಣ್ಣೆ ಕಲೆ ಇರುತ್ತದೆ. ಕೂತಲ್ಲೇ ತುಂಬಿದ ಪುಟದಲ್ಲಿ 200, 200, 200, 200 ಅಂತ ಒಂದೇ ಶಾಯಿ, ಒಂದೇ ಓಟದ ಅಕ್ಷರ, ಸಮಯ ಸರಿಯಾಗಿ ಗಂಟೆಗೊಂದು. ಓವನ್‌ಗೆ ಚಾರ್ಟ್ ರೆಕಾರ್ಡರ್ ಇದ್ದರೆ ಆ ಸುರುಳಿ ಬಿಚ್ಚಿ ಪಕ್ಕದಲ್ಲಿಡಿ. ವಿದ್ಯುತ್ ಹೋದ ದಿನಗಳನ್ನೂ, ರಿಪೇರಿ ಪುಸ್ತಕವನ್ನೂ ಇಡಿ. ಹಿಂದಿನ ಒಂದು ವರ್ಷದ ಪುಟ ತಿರುವಲು ಒಂದು ಸಂಜೆ ಸಾಕು. ಒಂದೇ ಪುಟ ಸಿಕ್ಕರೆ ಅದು ಒಂದು ದಿನದ ತಪ್ಪು. ಹತ್ತು ಸಿಕ್ಕರೆ ಅದು ನಿಮ್ಮ ಘಟಕದ ಅಭ್ಯಾಸ, ಆಗ ಕಸ್ಟಮರ್‌ಗೆ ಹೇಳಬೇಕಾದ ಲಾಟ್‌ಗಳೂ ಹತ್ತು.

ಸೂಪರ್‌ವೈಸರ್ ವಿಷಯವೂ ಇದರ ಮೇಲೇ ನಿಂತಿದೆ. ಸಹಿ ಹಾಕುವ ಅಧಿಕಾರವನ್ನು ಇವತ್ತೇ ತೆಗೆಯಿರಿ, ಒಂದಾದರೂ ಹತ್ತಾದರೂ. ಕೆಲಸದಿಂದ ತೆಗೆಯುವ ಮಾತು ಈ ವಾರ ಬೇಡ. ಏನು ನಡೆಯಿತು ಅಂತ ಪೂರ್ತಿ ಗೊತ್ತಿರುವವರು ಅವರೊಬ್ಬರೇ. ಹೆದರಿಸಿದರೆ ಬಾಯಿ ಬಿಡುವುದಿಲ್ಲ. ಅವರ ಜೊತೆ ಕೂತಾಗ ನಿಮ್ಮ ಆ ಮಾತನ್ನೂ ಮೇಜಿನ ಮೇಲಿಡಿ. 'ಏನಾದ್ರೂ ಮಾಡಿ ಕಳಿಸಿ' ಅಂದಾಗ ಓವನ್ ಕೆಟ್ಟಿದೆ ಅಂತ ಅವರಿಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ಅವರು ಯಾಕೆ ಹೇಳಲಿಲ್ಲ? ಹಿಂದೆ ಯಾವತ್ತೋ ಯಾರೋ ಡಿಸ್ಪ್ಯಾಚ್ ತಡೆದಾಗ ನೀವು ಎಲ್ಲರ ಮುಂದೆ ಬೈದಿದ್ದಿರಾ? ಉತ್ತರ ಕಹಿಯಾಗಿರಬಹುದು, ಕೇಳಿಸಿಕೊಳ್ಳಿ.

ಒಂದೇ ಸಲ ಆದ ತಪ್ಪು, ಕೇಳಿದ ಕೂಡಲೇ ಒಪ್ಪಿಕೊಂಡರು ಅಂದರೆ ನಾನಾಗಿದ್ದರೆ ಬರೆದ ಎಚ್ಚರಿಕೆ ಕೊಟ್ಟು, ಕ್ಯೂಸಿಯಿಂದ ಹೊರಗೆ ಬೇರೆ ಕೆಲಸಕ್ಕೆ ಹಾಕುತ್ತಿದ್ದೆ. ಅಭ್ಯಾಸವಾಗಿತ್ತು ಅಂದರೆ ಅಪ್ಪನ ಕಾಲದವರು ಅನ್ನುವ ದಾಕ್ಷಿಣ್ಯ ಬೇಡ. ಕಾನೂನು ಪ್ರಕಾರ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ ತೀರ್ಮಾನಿಸಿ. ಸಿಟ್ಟಿನಲ್ಲಿ ಸಂಬಳ, ಗ್ರ್ಯಾಚುಟಿ ಹಿಡಿಯಬೇಡಿ. ಎರಡರಲ್ಲಿ ಯಾವುದಾದರೂ ಸರಿ, ಕಸ್ಟಮರ್‌ಗೆ ಬರೆಯುವ ಪತ್ರದಲ್ಲಿ ಅವರ ಹೆಸರು ಹಾಕಬೇಡಿ. ಸರ್ಟಿಫಿಕೇಟ್ ಹೋದದ್ದು ನಿಮ್ಮ ಕಂಪನಿಯ ಲೆಟರ್‌ಹೆಡ್ ಮೇಲೆ. ಒಬ್ಬ ಮುದುಕರನ್ನು ಬಲಿಕೊಟ್ಟು ಪಾರಾಗಲು ನೋಡುವ ಮಾಲೀಕನ ಮೇಲೆ ಕಸ್ಟಮರ್‌ಗೂ ನಂಬಿಕೆ ಬರುವುದಿಲ್ಲ, ಶಾಪ್ ಫ್ಲೋರ್‌ಗೂ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಒಂದೆರಡು ಸಾಲಿನಲ್ಲಿ ಬಂದು ಹೋದವಳು ಆ ಟ್ರೈನಿ ಹುಡುಗಿ. ನನಗೆ ಎಲ್ಲಕ್ಕಿಂತ ಜಾಸ್ತಿ ಯೋಚನೆ ಅವಳದೇ. ಸೇರಿ ಇನ್ನೂ ವರ್ಷ ಆಗಿರಲಿಕ್ಕಿಲ್ಲ, ಹಿರಿಯರ ಸಹಿಯನ್ನು ಪ್ರಶ್ನೆ ಮಾಡಿದ್ದಾಳೆ. ಇಷ್ಟು ಹೊತ್ತಿಗೆ ಕ್ಯಾಂಟೀನ್‌ನಲ್ಲಿ ಯಾರೋ ಅವಳಿಗೆ 'ನಿನಗ್ಯಾಕೆ ಬೇಕಿತ್ತು' ಅಂದಿರುತ್ತಾರೆ. ಇವತ್ತೇ ಕರೆದು, ನೀನು ಮಾಡಿದ್ದು ಸರಿ, ಮುಂದಿನದು ನನ್ನ ಜವಾಬ್ದಾರಿ ಅಂತ ನೇರವಾಗಿ ಹೇಳಿ. 'ಬೇರೆ ಯಾರಿಗಾದ್ರೂ ಹೇಳಿದ್ದೀಯಾ' ಅಂತ ಮಾತ್ರ ಕೇಳಬೇಡಿ. ಆ ಒಂದು ಪ್ರಶ್ನೆಯಲ್ಲೇ ಅವಳಿಗೆ ನಿಮ್ಮ ಮನಸ್ಸು ಗೊತ್ತಾಗಿಬಿಡುತ್ತದೆ. ಅವಳ ಟ್ರೈನಿಂಗ್ ಅವಧಿ ಮುಗಿಯುವಾಗ ಕೆಲಸ ಖಾಯಂ ಆಗುತ್ತದಾ ಇಲ್ಲವಾ ಅಂತ 45 ಜನವೂ ನೋಡುತ್ತಿರುತ್ತಾರೆ. ಮುಂದಿನ ಸಲ ಓವನ್ ಕೆಟ್ಟಾಗ ನಿಮ್ಮ ತನಕ ಸುದ್ದಿ ಬರುತ್ತದಾ ಅನ್ನುವುದು ಅದರ ಮೇಲಿದೆ.

ಜೊತೆಗೆ ಒಂದು ವ್ಯವಸ್ಥೆ ಬದಲಿಸಿ. ಕ್ಯೂಸಿ ಈಗ ಪ್ರೊಡಕ್ಷನ್ ಮ್ಯಾನೇಜರ್ ಕೆಳಗೆ ಇದ್ದರೆ ತೆಗೆದು ನೇರವಾಗಿ ನಿಮ್ಮ ಕೆಳಗೆ ತನ್ನಿ. ಕ್ಯೂಸಿ ತಡೆದ ಲಾಟನ್ನು ಬಿಡಿಸಲು ನಿಮ್ಮ ಸಹಿ ಬೇಕು, ಫೋನ್‌ನಲ್ಲಿ ಹೇಳಿದ್ದು ನಡೆಯುವುದಿಲ್ಲ ಅಂತ ಮಾಡಿ. ಪೋಸ್ಟರ್, ಪ್ರತಿಜ್ಞೆ, ನೀತಿ ಸಂಹಿತೆ ಅಂತ ದುಡ್ಡು ಹಾಳು ಮಾಡಬೇಡಿ.

ಇನ್ನೊಂದು ಸಾಧ್ಯತೆಗೆ ತಯಾರಾಗಿರಿ. ನೀವು ಧೈರ್ಯ ಮಾಡಿ ಫೋನ್ ಮಾಡುತ್ತೀರಿ, ಆ ಕಡೆಯವರು ಒಂದು ನಿಮಿಷ ಸುಮ್ಮನಿದ್ದು, 'ಗಡಸುತನ ಸರಿಯಿದೆ ತಾನೇ? ಮೇಲ್ ಗೀಲ್ ಹಾಕ್ಬೇಡಿ, ನಾನು ನೋಡ್ಕೋತೀನಿ' ಅನ್ನಬಹುದು. ಅವರಿಗೂ ಮೇಲಿನವರ ಭಯ ಇರುತ್ತದೆ, ಅವರ ಲೈನ್ ನಿಲ್ಲಬಾರದು. ಕೇಳಿದಾಗ ಜೀವ ಬಂದ ಹಾಗಾಗುತ್ತದೆ, ಆದರೆ ಅಲ್ಲಿಗೆ ಬಿಡಬೇಡಿ. ಈ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಆ ಒಬ್ಬರಿಗೂ ಇರುವುದಿಲ್ಲ. 'ಇವತ್ತು ಫೋನ್‌ನಲ್ಲಿ ತಿಳಿಸಿದ ಪ್ರಕಾರ' ಅಂತ ಶುರು ಮಾಡಿ, ಲಾಟ್ ವಿವರ, ಲ್ಯಾಬ್ ರಿಪೋರ್ಟ್, ಆ ದಿನದ ಓವನ್ ಚಾರ್ಟ್ ಎಲ್ಲ ಸೇರಿಸಿ, ಅವರ ಮೇಲಿನ ಕ್ವಾಲಿಟಿ ಮುಖ್ಯಸ್ಥರಿಗೂ ಪ್ರತಿ ಹಾಕಿ, ಅವತ್ತೇ ಮೇಲ್ ಕಳಿಸಿ. ಫೋನ್‌ನಲ್ಲಿ ನಿಮ್ಮ ಜೊತೆ ಮಾತಾಡಿದವರಿಗೆ ಇದನ್ನು ಮೊದಲೇ ಹೇಳಿಬಿಡಿ, ಬೆನ್ನ ಹಿಂದೆ ಮಾಡಿದ ಹಾಗಾಗುವುದು ಬೇಡ.